ಬೇರೆ ಬಸ್ಸಿನ ವೇಳೆ ಹೇಳಿದ ಮೈಕಕ್ಕ

ಬಸ್ ನಿಲ್ದಾಣದ ವಿಚಾರಣೆ ಕಿಟಕಿಗೆ ಮುಖ ಹಾಕಿದವರಿಗೆ ಮೊದಲು ಕಾಣುತ್ತಿದ್ದದ್ದು ಮೈಕು, ಆಮೇಲೆ ಮೈಕಿನ ಹಿಂದಿನ ಮೈಕಕ್ಕ. ಕಿಟಕಿಯ ಗಾಜಿನಲ್ಲಿ ಬೊಗಸೆಯಗಲದ ಒಂದು ತೂತು. ಜನ ಆ ತೂತಿಗೆ ಕಿವಿ ಕೊಟ್ಟು ಪ್ರಶ್ನೆ ಕೇಳುತ್ತಿದ್ದರು, ಬಾಯಿ ಕೊಟ್ಟು ಉತ್ತರ ಕೇಳಿಸಿಕೊಳ್ಳುತ್ತಿದ್ದರು. ಹಾಗಾಗಿ ಎರಡೂ ಕಡೆಯವರಿಗೆ ಅರ್ಧರ್ಧವೇ ತಲುಪುತ್ತಿತ್ತು.

"ಹೋಯ್ತಾ?" ಎನ್ನುವರು ಒಬ್ಬರು. ಯಾವ ಬಸ್ಸು, ಎಲ್ಲಿಗೆ, ಏನೂ ಇಲ್ಲ. ಮೈಕಕ್ಕ ಅವರ ಕೈಯ ಚೀಲ, ಚಪ್ಪಲಿಯ ಧೂಳು, ಮುಖದ ಗಾಬರಿ ಎಲ್ಲವನ್ನೂ ಒಂದೇ ನೋಟಕ್ಕೆ ಅಳೆದು, "ಇನ್ನೂ ಇಲ್ಲ, ಕೊನೇ ಅಂಕಣ, ಓಡಿ!" ಎನ್ನುವಳು. ಬಹಳ ಸಲ ಅದು ಸರಿಯೇ ಆಗಿರುತ್ತಿತ್ತು. ಸರಿಯಾಗದವರು ಇನ್ನೆಲ್ಲೋ ಇಳಿದು ಬೈದುಕೊಳ್ಳುತ್ತಿದ್ದರು. ಅಷ್ಟು ದೂರದ ಬೈಗುಳ ಕಿಟಕಿಯ ತೂತಿಗೆ ಕೇಳಿಸುತ್ತಿರಲಿಲ್ಲ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಳೆಯ ಕಂಟ್ರೋಲರು ಅವಳನ್ನು ಪಕ್ಕಕ್ಕೆ ಕರೆದು ಒಂದೇ ಒಂದು ಪಾಠ ಹೇಳಿದ್ದರು. "ನೋಡಮ್ಮ, ತಪ್ಪು ಉತ್ತರ ಕೊಟ್ರೆ ಒಬ್ಬ ಬೈತಾನೆ. ಗೊತ್ತಿಲ್ಲ ಅಂದ್ರೆ ಇಡೀ ಸಾಲೇ ಬೈಯುತ್ತೆ. ಈ ಕುರ್ಚಿ ಮೇಲೆ ಕೂತಿರೋವರೆಗೂ ಆ ಮಾತು ಬಾಯಲ್ಲಿ ಬರಬಾರದು."

ಮೈಕಕ್ಕ ಆ ಮಾತನ್ನು ನುಂಗಿಕೊಂಡಳು. ನುಂಗಿದ್ದು ಜೀರ್ಣವೂ ಆಯಿತು. ಮದುವೆಯಾಯಿತು, ಮಗುವಾಯಿತು, ಮನೆಯಲ್ಲೂ ಅವಳ ಬಾಯಿಂದ 'ಗೊತ್ತಿಲ್ಲ' ಎಂಬುದನ್ನು ಯಾರೂ ಕೇಳಿರಲಿಲ್ಲ. "ಸೋಪೆಲ್ಲಿದೆ?" ಎಂದು ಗಂಡ ಬಚ್ಚಲಿನಿಂದ ಕೂಗಿದರೆ, "ಎಡಗಡೆ ಗೂಡು!" ಎಂದು ಉತ್ತರ ಬರುತ್ತಿತ್ತು. ಎಡಗಡೆ ಗೂಡಿನಲ್ಲಿ ಸೋಪಿರುತ್ತಿರಲಿಲ್ಲ. ಆದರೆ ಆ ದನಿ ಎಷ್ಟು ಗಟ್ಟಿಯಾಗಿರುತ್ತಿತ್ತೆಂದರೆ ಗಂಡನಿಗೆ ಅನುಮಾನ ಬರುತ್ತಿದ್ದದ್ದು ಹೆಂಡತಿಯ ಮೇಲಲ್ಲ, ಸೋಪಿನ ಮೇಲೆ. ಅವನು ಲಿಫ್ಟ್ ರಿಪೇರಿಯವನು. ಮೇಲೆ ಹೋಗು ಅಂದರೆ ಹೋಗುವವನು, ಕೆಳಗೆ ಬಾ ಅಂದರೆ ಬರುವವನು.

ಅವರ ಮನೆ ಚಿತ್ರಗಳಿಗೆ ಕಟ್ಟು ಹಾಕುವ ಅಂಗಡಿಯೊಂದರ ಮಾಳಿಗೆ. ಕೆಳಗೆ ದಿನವಿಡೀ ಮೊಳೆ ಹೊಡೆಯುವ ಸದ್ದು, ಮೇಲೆ ಎರಡು ಕೋಣೆ. ಒಂದು ಕೋಣೆ ಗಂಡ ಹೆಂಡಿರದು. ಇನ್ನೊಂದು ಅತ್ತೆಯದು ಮತ್ತು ಮೂರು ತುಂಬಿದ ಮೊಮ್ಮಗಳು ಗುಬ್ಬಿಯದು. ಅತ್ತೆ ಹಿಂದೆ ಶಾಲೆಯ ಪ್ರಯೋಗಶಾಲೆಯಲ್ಲಿ ಗಾಜಿನ ಸಾಮಾನು ತೊಳೆಯುತ್ತಿದ್ದವರು. ಕೈ ಹಗುರ, ನಾಲಿಗೆ ಭಾರ. "ನನ್ನ ಕೈಯಲ್ಲಿ ಒಂದು ಲೋಟ ಒಡೆದಿಲ್ಲ, ನನ್ನ ಸೊಸೆ ಕೈಯಲ್ಲಿ ಒಂದು ಲೋಟ ಉಳಿದಿಲ್ಲ" ಎನ್ನುತ್ತಿದ್ದರು. ಸೊಸೆಯೇನು ಕಮ್ಮಿಯೇ, "ನೀವು ಎಲ್ಲಾ ಉಳಿಸಿಟ್ರಲ್ಲ ಅತ್ತೆ, ಒಡೆಯೋಕೆ ಯಾರಾದ್ರೂ ಬೇಡ್ವಾ" ಎನ್ನುತ್ತಿದ್ದಳು.

ಗುಬ್ಬಿಗೆ ಒಂದು ಚಾಳಿ. ಅಜ್ಜಿಯ ಎಡಗಿವಿಯ ಹಾಲೆಯನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜುತ್ತಿದ್ದರೆ ಮಾತ್ರ ಅವಳಿಗೆ ನಿದ್ದೆ. ಹಾಡು ಬೇಡ, ಕಥೆ ಬೇಡ, ತೊಟ್ಟಿಲು ಬೇಡ. ಕಿವಿ ಬೇಕು. ಅತ್ತೆಗೂ ಅಷ್ಟೆ, ಮಗುವಿನ ಬೆರಳಿಲ್ಲದಿದ್ದರೆ ಕಣ್ಣು ಮುಚ್ಚುತ್ತಿರಲಿಲ್ಲ. "ಸವೆದು ಹೋಗುತ್ತೆ ಅತ್ತೆ" ಎಂದರೆ, "ಸವೀಲಿ ಬಿಡು, ನಿಮ್ಮ ಮಾತು ಕೇಳೋಕೆ ಇನ್ನೊಂದಿದೆಯಲ್ಲ" ಎನ್ನುವರು.

ಇಂಥ ಮನೆಯಲ್ಲಿ, ಅತ್ತೆಯ ಎಡಗಡೆ ಎದೆಯಲ್ಲಿ ಒಂದು ಗಡ್ಡೆ ಕಾಣಿಸಿಕೊಂಡಿತು. ಕ್ಯಾನ್ಸರ್ ಎಂದಾಯಿತು. ಆಪರೇಷನ್ನೂ ಆಯಿತು. ಡಾಕ್ಟರು ಗಡ್ಡೆಯನ್ನು ತೆಗೆದು, "ಚೆನ್ನಾಗಿ ಆಗಿದೆ. ಆದರೆ ಇನ್ನು ಕೆಲವು ವಾರ ಕಿರಣ ಕೊಡಬೇಕು. ಕಣ್ಣಿಗೆ ಕಾಣದೆ ಏನಾದರೂ ಉಳಿದಿದ್ದರೆ ಅದನ್ನ ಸುಡೋದಕ್ಕೆ. ಅದನ್ನ ಮಾತ್ರ ಬಿಡಬೇಡಿ" ಎಂದು ಒತ್ತಿ ಹೇಳಿ ಕಳಿಸಿದರು.

ಗಡ್ಡೆ ಹೋದ ಜಾಗಕ್ಕೆ ಸಲಹೆಗಳು ಬಂದವು. ಅತ್ತೆಯ ಮೈದುನ, ಅಂದರೆ ಮೈಕಕ್ಕನ ಚಿಕ್ಕಮಾವ, ಬೆಳಗಾಗುವುದರೊಳಗೆ ಫೋನಿಗೆ ಒಂದು ಹೊರೆ ಫಾರ್ವರ್ಡು ಇಳಿಸುತ್ತಿದ್ದರು. ಸಕ್ಕರೆ ಬಿಟ್ಟರೆ ಗಡ್ಡೆ ಉಪವಾಸ ಬಿದ್ದು ಸಾಯುತ್ತದೆ. ಬಿಸಿನೀರಿಗೆ ನಿಂಬೆರಸ ಹಿಂಡಿ ಕುಡಿದರೆ ಸಾಕು, ಡಾಕ್ಟರುಗಳು ಈ ಗುಟ್ಟು ಮುಚ್ಚಿಟ್ಟಿದ್ದಾರೆ. ಸಂಜೆಗೆ ಖುದ್ದಾಗಿ ಬಂದು, ಕಳಿಸಿದ್ದೆಲ್ಲವನ್ನೂ ಮತ್ತೊಮ್ಮೆ ಓದಿ ಹೇಳುತ್ತಿದ್ದರು.

ಇಲ್ಲಿ ಮೈಕಕ್ಕನ ಕಸುಬು ಕೈಹಿಡಿಯಿತು. ನಿಲ್ದಾಣದಲ್ಲಿ ಅವಳು ಕಂಡುಕೊಂಡಿದ್ದಳು: ಬಸ್ಸಿನ ಬಗ್ಗೆ ಬಸ್ಸು ಬಿಡುವವನು ಹೇಳುವುದೇ ಬೇರೆ, ಬಸ್ಸಿಗೆ ಕಾಯುವವನು ಹೇಳುವುದೇ ಬೇರೆ, ಬಸ್ಸಿನಲ್ಲಿ ಏನೋ ಮಾರುವವನು ಹೇಳುವುದೇ ಬೇರೆ. 

"ಚಿಕ್ಕಮಾವ, ಇದನ್ನ ಬರೆದೋರು ಯಾರು?"

"ಯಾರೋ ದೊಡ್ಡ ವಿಜ್ಞಾನಿಯಮ್ಮ."

"ಯಾವ ಆಸ್ಪತ್ರೆ? ಯಾವ ವರ್ಷದ್ದು? ಕೆಳಗಡೆ ನೋಡಿ, ನಿಂಬೆರಸದ ಬಾಟಲಿಗೆ ಇಲ್ಲಿ ಒತ್ತಿ ಅಂತಿದೆ. ಇದು ಬಸ್ಸು ಬಿಡೋನಲ್ಲ, ಬಸ್ಸಲ್ಲಿ ಮಾರೋನು."

ಅತ್ತೆ ಮಂಚದಿಂದಲೇ, "ಮೈದುನರೇ, ನಿಂಬೆಹಣ್ಣಿನಿಂದ ಎಲ್ಲಾ ವಾಸಿ ಆಗೋ ಹಾಗಿದ್ರೆ ನಾನು ನಿಂಬೆ ಸಿಪ್ಪೆ ಉಜ್ಜಿ ತೊಳೆದಿರೋ ಗಾಜಿನ ಲೋಟಗಳಿಗೆಲ್ಲಾ ನೂರು ವರ್ಷ ಆಯಸ್ಸು" ಎನ್ನುವರು. ಚಿಕ್ಕಮಾವ ಮುಖ ಊದಿಸಿಕೊಂಡು, ಸಕ್ಕರೆ ಹಾಕಿದ ಚಹಾ ಎರಡು ಲೋಟ ಕುಡಿದು ಹೋಗುವರು.

ಹೀಗೆ ಹತ್ತಾರು ಸಲಹೆಗಳನ್ನು ಬಾಗಿಲಲ್ಲೇ ತಡೆದ ಮೇಲೆ ಮೈಕಕ್ಕನ ಬೆನ್ನು ತಾನಾಗಿ ನೆಟ್ಟಗಾಯಿತು. ಅತ್ತೆಯೂ ಹೇಳಿಬಿಟ್ಟರು: "ಇನ್ಮೇಲೆ ನನ್ನ ಖಾಯಿಲೆ ವಿಚಾರ ಏನಿದ್ರೂ ಇವಳನ್ನ ಕೇಳಿ. ಮೈಕು ಹೇಳಿದ ಮೇಲೆ ಮುಗೀತು."

ಎಡವಟ್ಟಾದದ್ದು ಅಲ್ಲಿಂದಲೇ.

ಒಂದು ಬೆಳಿಗ್ಗೆ ಮೈಕಕ್ಕ ಒಂದು ಕಾಲಿಗೆ ಚಪ್ಪಲಿ ಹಾಕಿ ಇನ್ನೊಂದನ್ನು ಹುಡುಕುತ್ತಿದ್ದಾಗ, ಅತ್ತೆ ಗುಬ್ಬಿಯ ತಲೆ ಬಾಚುತ್ತಾ ಕೇಳಿದರು. "ಅಲ್ವೇ, ಕಿರಣ ಕೊಡೋಕೆ ಶುರು ಮಾಡಿದ ಮೇಲೆ ಮಗು ನನ್ನ ಪಕ್ಕ ಮಲಗಬಹುದಾ?"

ಹಿಂದಿನ ಸಂಜೆಯಷ್ಟೇ ಮೈಕಕ್ಕ ಬಸ್ಸು ಬಾರದ ಬಿಡುವಿನಲ್ಲಿ ಫೋನಿನಲ್ಲಿ ಒಂದು ಪುಟ ನೋಡಿದ್ದಳು. ಒಳ್ಳೆಯ ಪುಟವೇ. ದೊಡ್ಡ ಆಸ್ಪತ್ರೆಯದು, ಬರೆದ ಡಾಕ್ಟರ ಹೆಸರಿತ್ತು, ತಾರೀಕಿತ್ತು, ಏನನ್ನೂ ಮಾರುತ್ತಿರಲಿಲ್ಲ. ಅವಳ ಎಲ್ಲಾ ಪರೀಕ್ಷೆಯಲ್ಲೂ ಪಾಸು. 'ವಿಕಿರಣ ಚಿಕಿತ್ಸೆಯ ನಂತರ ಚಿಕ್ಕ ಮಕ್ಕಳಿಂದ ಕೆಲವು ದಿನ ದೂರವಿರಬೇಕು' ಎಂದು ದಪ್ಪಕ್ಷರದಲ್ಲಿ ಬರೆದಿತ್ತು.

"ಇಲ್ಲ ಅತ್ತೆ. ದೂರ ಇರಬೇಕು" ಎಂದಳು, ಕಿಟಕಿಯ ದನಿಯಲ್ಲಿ.

"ಎಷ್ಟು ದಿನ?"

ಅದು ಅವಳಿಗೆ ತಿಳಿದಿರಲಿಲ್ಲ. ಆದರೆ ಸಾಲು ಬೈಯುತ್ತದಲ್ಲ. "ಚಿಕಿತ್ಸೆ ಮುಗಿಯೋವರೆಗೂ" ಎಂದಳು. ಇನ್ನೊಂದು ಚಪ್ಪಲಿ ಸಿಕ್ಕಿತು. ಹೋದಳು.

ಅಂದು ಸಂಜೆಯಿಂದಲೇ ಅತ್ತೆ ಅಭ್ಯಾಸ ಶುರು ಮಾಡಿದರು. "ಗುಬ್ಬಿ, ಅಜ್ಜಿ ಕಿವಿಗೆ ರಜೆ ಕಣೆ. ಇವತ್ತು ಬೇರೆ ಕಿವಿ ಹುಡುಕೋಣ" ಎಂದು ಮಗುವನ್ನು ಮನೆಯವರ ಮೇಲೆಲ್ಲಾ ಹಾಯಿಸಿದರು. ಗುಬ್ಬಿ ಅಪ್ಪನ ಕಿವಿ ಹಿಡಿದು ನೋಡಿ, "ಇದು ಗಟ್ಟಿ" ಎಂದಳು. ಅಮ್ಮನ ಕಿವಿಯಲ್ಲಿ ಲೋಲಾಕು ಚುಚ್ಚಿತು. ಚಿಕ್ಕಮಾವ ಮುಂದೆ ಬಂದು, "ನನ್ನದು ನೋಡು ಮರಿ, ಎಷ್ಟು ದೊಡ್ಡ ಕಿವಿ" ಎಂದು ಬಗ್ಗಿದರು. ಗುಬ್ಬಿ ಒಳಗೆ ಇಣುಕಿ, "ಇದರಲ್ಲಿ ಹುಲ್ಲಿದೆ" ಎಂದು ಕೈ ಎಳೆದುಕೊಂಡಳು. ಮನೆಯೆಲ್ಲ ನಕ್ಕಿತು. ಅತ್ತೆಯೂ ನಕ್ಕರು. ಆದರೆ ನಗು ಮುಗಿದ ಮೇಲೂ ಅವರ ಕೈ ತಮ್ಮ ಎಡಗಿವಿಯ ಮೇಲೇ ಇತ್ತು.

ಮೂರು ದಿನ ಮಗು ಅತ್ತು ಅತ್ತು ಮಲಗಿತು. ನಾಲ್ಕನೆಯ ದಿನ ಅತ್ತೆ ಪ್ರಕಟಿಸಿದರು: "ನಾನು ಕಿರಣಕ್ಕೆ ಬರಲ್ಲ. ಗಡ್ಡೆ ತೆಗೆದಾಯ್ತು. ಅಷ್ಟು ಸಾಕು."

ಕಿರಣ ಬೀಳಬೇಕಾದ ಜಾಗಕ್ಕೆ ಗುರುತು ಹಾಕಲು ಆಸ್ಪತ್ರೆಯವರು ಕರೆದ ದಿನ ಹತ್ತಿರದಲ್ಲೇ ಇತ್ತು. ಮಗ ಬೇಡಿಕೊಂಡ. "ಆಯ್ತಮ್ಮ" ಎಂದು ಎಲ್ಲರಿಗೂ ಹೇಳುವವನು ಮೊದಲ ಸಲ "ಆಗಲ್ಲಮ್ಮ" ಎಂದ. ಅತ್ತೆ ಗೋಡೆಗೆ ತಿರುಗಿ ಮಲಗಿದರು. ಮೈಕಕ್ಕನಿಗೆ ಒಂದೇ ಅನುಮಾನ. ಚಿಕ್ಕಮಾವ ಮೆಟ್ಟಿಲು ಹತ್ತಿ ಬರುತ್ತಿದ್ದಂತೆ ಮೇಲಿನಿಂದಲೇ ಹಿಡಿದಳು. "ಏನು ತುಂಬಿದಿರಿ ಅತ್ತೆ ತಲೆಗೆ? ಮತ್ತೆ ನಿಂಬೆಹಣ್ಣಾ?"

"ನಿನ್ನಾಣೆ ಇಲ್ಲಮ್ಮ! ನೀನು ಬೈದ ಮೇಲೆ ನಾನು ಹೂವಿನ ಚಿತ್ರ ಬಿಟ್ಟು ಏನೂ ಕಳಿಸ್ತಿಲ್ಲ. ಬೇಕಾದ್ರೆ ಫೋನು ನೋಡು."

ನೋಡಿದಳು. ಹೂವೇ.

ಗುಟ್ಟು ಹೊರಬಿದ್ದದ್ದು ಗುಬ್ಬಿಯ ಆಟದಲ್ಲಿ. ಮಗು ತನ್ನ ಬಟ್ಟೆಯ ಆನೆಯನ್ನು ಮೂಲೆಗೆ ಕೂರಿಸಿ, ಬೆರಳು ಅಲ್ಲಾಡಿಸುತ್ತಾ ಗದರುತ್ತಿತ್ತು. "ಹತ್ರ ಬರಬೇಡ. ನಿಮ್ಮಮ್ಮ ಹೇಳಿದಾಳೆ. ಮೈಕು ಹೇಳಿದ ಮೇಲೆ ಮುಗೀತು. ಅಜ್ಜಿ ಎಲ್ಲೂ ಹೋಗಲ್ಲ, ಕಿರಣಕ್ಕೂ ಹೋಗಲ್ಲ, ಕಿವಿ ಕೊಡ್ತಾಳೆ. ಅಳಬೇಡ, ಆಯ್ತಾ?"

ಮೈಕಕ್ಕ ಕೈಯಲ್ಲಿದ್ದ ಲೋಟ ಬಿಟ್ಟಳು. ಅದು ಒಡೆಯಿತು. ಒಳಗಿನಿಂದ ಅತ್ತೆ, "ಉಳಿದದ್ದು ಎಷ್ಟು?" ಎಂದು ಕೂಗಿದರು.

ಮೈಕಕ್ಕ ಗಾಜು ಗುಡಿಸಿ, ಮೆಟ್ಟಿಲಲ್ಲಿ ಕೂತು, ಆ ಪುಟವನ್ನು ಮತ್ತೆ ತೆಗೆದಳು. ಈ ಸಲ ಮೇಲಿನಿಂದ ಓದಿದಳು. ತಲೆಬರಹದಲ್ಲೇ ಇತ್ತು, ಅವಳ ಬೆರಳು ಅವತ್ತು ಜಾರಿಸಿ ದಾಟಿದ್ದ ಸಾಲು: ಅದು ಥೈರಾಯ್ಡ್ ಕ್ಯಾನ್ಸರಿಗೆ ನುಂಗಲು ಕೊಡುವ ವಿಕಿರಣದ ಔಷಧಿಯ ವಿಚಾರ. ಅದು ಮೈಯೊಳಗೆ ಕೆಲವು ದಿನ ಇರುತ್ತದೆ, ಅದಕ್ಕೇ ಮಕ್ಕಳಿಂದ ದೂರ. ಪುಟ ಸುಳ್ಳಲ್ಲ. ಡಾಕ್ಟರು ಸುಳ್ಳಲ್ಲ. ತಾರೀಕು ಸುಳ್ಳಲ್ಲ. ಬಸ್ಸೇ ಬೇರೆ. ಹಣೆಪಟ್ಟಿಯ ಬೋರ್ಡು ನೋಡದೆ, ಬಸ್ಸಿನ ಬಣ್ಣ ನೋಡಿ ಹತ್ತುವ ಎಷ್ಟು ಜನರನ್ನು ಅವಳು ಗದರಿದ್ದಾಳೆ!

ಹಾಗಾದರೆ ಅತ್ತೆಯ ಬಸ್ಸಿನ ಕಥೆ ಏನು? ಬಾಯಿಗೆ ಬಂದ ಉತ್ತರವನ್ನು ಅವಳು ಹಿಡಿದು ನಿಲ್ಲಿಸಿದಳು. ಮತ್ತೆ ಫೋನು ತಿರುವಿ ಇನ್ನೊಂದು ಬಸ್ಸು ಹತ್ತುವುದು ಬೇಡವೆನಿಸಿತು. ಮರುದಿನ ರಜೆ ಹಾಕಿ ಆಸ್ಪತ್ರೆಗೆ ಹೋದಳು.

ಅಲ್ಲಿ, ರಕ್ತಪರೀಕ್ಷೆಯ ಕೋಣೆ ದಾಟಿದರೆ, ಕ್ಯಾನ್ಸರ್ ರೋಗಿಗಳಿಗೂ ಮನೆಯವರಿಗೂ ಮಾಹಿತಿ ಕೊಡುವ ಒಂದು ಕಿಟಕಿಯಿತ್ತು. ಆಪರೇಷನ್ನಿನ ದಿನಗಳಲ್ಲಿ ಮೈಕಕ್ಕ ಅದರ ಮುಂದೆ ಎಷ್ಟೋ ಸಲ ಓಡಾಡಿದ್ದಳು. ಒಮ್ಮೆಯೂ ನಿಂತಿರಲಿಲ್ಲ. ಕಿಟಕಿಯ ಈಚೆ ನಿಲ್ಲುವುದು ಅವಳಿಗೆ ಒಗ್ಗದ ಕೆಲಸ. ಸಾಲಿನಲ್ಲಿ ನಿಂತು ಪ್ರಶ್ನೆಯನ್ನು ಬಾಯಿಪಾಠ ಮಾಡಿಕೊಂಡಳು. ಸರದಿ ಬಂದಾಗ ಗಾಜಿನ ತೂತಿಗೆ ಕಿವಿ ಕೊಟ್ಟು ಕೇಳಿದಳು: "ಹೋಗುತ್ತಾ?"

ಆಚೆ ಕೂತಿದ್ದ ನರ್ಸು ನಗದೆ ಕೇಳಿದರು. "ಏನು ಹೋಗಬೇಕಮ್ಮ?"

"ಅದೇ... ಮೈಯಿಂದ. ಕಿರಣ. ಆಮೇಲೆ ಕಿವಿ ಹಿಡೀಬಹುದಾ?"

ಹಿಂದಿನವರು ಕೆಮ್ಮಿದರು. ಮೈಕಕ್ಕನಿಗೆ ತನ್ನ ಕಿಟಕಿಗೆ ಬರುವವರ ಮೇಲೆಲ್ಲ ಒಮ್ಮೆಲೇ ಮರುಕ ಹುಟ್ಟಿತು. ಉಸಿರೆಳೆದುಕೊಂಡು ಮೊದಲಿನಿಂದ ಹೇಳಿದಳು: ಅತ್ತೆ, ಎದೆ, ಆಪರೇಷನ್ನು, ಗುಬ್ಬಿ, ಕಿವಿ, ತಾನು ಹೇಳಿದ ತಪ್ಪು.

ನರ್ಸು ಕೇಳಿಸಿಕೊಂಡು, "ಸಾಮಾನ್ಯವಾಗಿ ಏನು ಹೇಳ್ತಾರೆ ಅನ್ನೋದು ಗೊತ್ತು. ಆದರೆ ನಿಮ್ಮತ್ತೆಗೆ ಯಾವ ಥರದ್ದು ಕೊಡ್ತಾರೆ ಅಂತ ನನಗೆ ಗೊತ್ತಿಲ್ಲ. ಕಿರಣ ವಿಭಾಗದವರನ್ನ ಕೇಳಿ ಹೇಳ್ತೀನಿ, ಸ್ವಲ್ಪ ಕೂತ್ಕೊಳ್ಳಿ" ಎಂದರು.

ಮೈಕಕ್ಕ ಗಾಬರಿಯಿಂದ ಹಿಂದೆ ತಿರುಗಿದಳು. ಗೊತ್ತಿಲ್ಲ ಅಂದುಬಿಟ್ಟರಲ್ಲ ಈಯಮ್ಮ! ಈಗ ಸಾಲು ಬೈಯುತ್ತದೆ. ಸಾಲು ಬೈಯಲಿಲ್ಲ. ಹಿಂದಿದ್ದ ಮುದುಕರು, "ಕೇಳಿ ಹೇಳ್ತಾರಂತೆ, ಕೂತ್ಕೊಳಮ್ಮ" ಎಂದು ಬೆಂಚಿನಲ್ಲಿ ಜಾಗ ತೋರಿಸಿದರು. ಅವಳು ಕೂತಳು. ಇಷ್ಟು ವರ್ಷ ಕಂಟ್ರೋಲರು ಯಾವ ಸಾಲಿನ ಹೆಸರು ಹೇಳಿ ಹೆದರಿಸಿದ್ದರು ಎಂದು ಯೋಚಿಸುತ್ತಾ ಕೂತಳು.

ನರ್ಸು ಫೋನು ಮಾಡಿ, ಕಡತ ನೋಡಿಸಿ, ಹೊರಗೇ ಎದ್ದು ಬಂದರು. "ನಿಮ್ಮತ್ತೆಗೆ ಕೊಡೋದು ಹೊರಗಿನಿಂದ ಬೀಳೋ ಕಿರಣ. ದೀಪ ಆರಿಸಿದ ಮೇಲೆ ಬೆಳಕು ಕೋಣೇಲಿ ಉಳಿಯುತ್ತಾ? ಹಾಗೇ ಇದೂ. ಮಷೀನು ನಿಂತ ಮೇಲೆ ಮೈಯಲ್ಲಿ ಏನೂ ಉಳಿಯಲ್ಲ. ಕಿರಣ ಕೊಡೋ ಹೊತ್ತಲ್ಲಿ ಮಾತ್ರ ಅವರೊಬ್ಬರೇ ಒಳಗಿರಬೇಕು. ಹೊರಗೆ ಬಂದ ಮೇಲೆ ಮಗೂನ ಅಪ್ಪಿಕೊಳ್ಳಲಿ, ಜೊತೆಗೆ ಮಲಗಿಸಿಕೊಳ್ಳಲಿ. ಬರ್ತಾ ಬರ್ತಾ ಆ ಕಡೆ ಚರ್ಮ ಕೆಂಪಾಗಿ ಉರಿಯಬಹುದು, ಮಗು ಒದೀದ ಹಾಗೆ ನೋಡ್ಕೊಳ್ಳಿ. ಯಾವ ಕಡೆ?"

"ಎಡಗಡೆ."

"ಹಾಗಾದ್ರೆ ಬಲಗಿವಿ" ಎಂದರು ನರ್ಸು. ಈಗ ನಕ್ಕರು. "ಆದರೆ ನನ್ನ ಮಾತು ಹೊತ್ತುಕೊಂಡು ಹೋಗಿ ಹೇಳೋ ಬದಲು, ಅವರನ್ನೇ ಕರ್ಕೊಂಡು ಬನ್ನಿ. ಅವರ ಪ್ರಶ್ನೆ ಅವರೇ ಕೇಳಲಿ. ಈ ನಂಬರ್ ಇಟ್ಕೊಳ್ಳಿ, ಏನು ಅನುಮಾನ ಬಂದ್ರೂ ಮಾಡಿ. ಮತ್ತೆ ವಾರಕ್ಕೊಮ್ಮೆ ಈ ಪಕ್ಕದ ಕೋಣೇಲಿ ರೋಗಿಗಳ ಮನೆಯವರೆಲ್ಲಾ ಸೇರ್ತಾರೆ. ನಿಮಗೂ ಯಾರಾದ್ರೂ ಬೇಕಲ್ಲ."

ನನಗೇನಾಗಿದೆ ಎನ್ನಲು ಬಾಯಿ ತೆರೆದಳು. ಬದಲಿಗೆ ಮೂಗು ಒರೆಸಿಕೊಂಡಳು.

ಮನೆಗೆ ಓಡಿ ಬಂದು ಅತ್ತೆಯ ಮುಂದೆ ಕೂತಳು. "ಅತ್ತೆ, ಅವತ್ತು ನಾನು ಹೇಳಿದ್ದು ತಪ್ಪು. ಬೇರೆ ಖಾಯಿಲೆ, ಬೇರೆ ಔಷಧಿದು ಓದಿ ನಿಮಗೆ ಹೇಳಿಬಿಟ್ಟೆ. ಗುಬ್ಬಿ ನಿಮ್ಮ ಹತ್ರ ಮಲಗಬಹುದು."

ಅತ್ತೆ ಅವಳನ್ನು ತೊಳೆಯಲು ಬಂದ ಗಾಜಿನಂತೆ ಬೆಳಕಿಗೆ ಹಿಡಿದು ನೋಡಿದರು. "ನನ್ನ ಒಪ್ಪಿಸೋಕೆ ಹೀಗೆ ಹೇಳ್ತಿದೀಯ."

"ಇಲ್ಲ ಅತ್ತೆ!"

"ಅವತ್ತು ಎಷ್ಟು ಗಟ್ಟಿಯಾಗಿ ಹೇಳಿದೆ. ಇವತ್ತು ದನಿ ನಡುಗ್ತಿದೆ. ಯಾವುದನ್ನ ನಂಬಲಿ ನಾನು?"

ಮೈಕಕ್ಕ ಪೆಚ್ಚಾದಳು. ಗಟ್ಟಿ ದನಿ ತಪ್ಪು ಹೇಳಿತ್ತು, ನಡುಗುವ ದನಿ ಸರಿ ಹೇಳುತ್ತಿತ್ತು. "ನನ್ನ ನಂಬಬೇಡಿ ಅತ್ತೆ. ನೀವೇ ಬಂದು ಕೇಳಿ. ಅವರೂ ದೂರ ಇರಬೇಕು ಅಂದ್ರೆ ವಾಪಸ್ ಕರ್ಕೊಂಡು ಬರ್ತೀನಿ. ಕಿರಣದ ಸುದ್ದಿ ಎತ್ತಲ್ಲ."

"ಮಗೂನೂ ಬರಲಿ" ಎಂದರು ಅತ್ತೆ. "ಅವಳ ಮುಂದೇನೇ ಹೇಳಲಿ."

ಗುರುತು ಹಾಕುವ ದಿನ ಮೂವರೂ ಹೊರಟರು. ಬಸ್ಸಿನಲ್ಲಿ ಗುಬ್ಬಿ ಅಮ್ಮನ ಮಡಿಲಲ್ಲಿ ಕೂತು ಅಜ್ಜಿಯ ಕಿವಿಯನ್ನು ದೂರದಿಂದಲೇ ನೋಡುತ್ತಿದ್ದಳು, ಅಂಗಡಿಯ ಗಾಜಿನೊಳಗಿನ ಮಿಠಾಯಿ ನೋಡುವವರ ಹಾಗೆ. ಕಿರಣ ವಿಭಾಗದಲ್ಲಿ ಮಷೀನು ನಡೆಸುವವಳು ಸಣ್ಣ ವಯಸ್ಸಿನ ಹುಡುಗಿ. ಅತ್ತೆ ಅವಳೆದುರು ಸೆರಗು ಸರಿಮಾಡಿಕೊಂಡು, ಪ್ರಯೋಗಶಾಲೆಯ ಕಾಲದ ಗತ್ತಿನಲ್ಲಿ ವಿಚಾರಣೆಗಿಳಿದರು.

"ನಿನ್ನ ಮಷೀನು ನಿಲ್ಲಿಸಿದ ಮೇಲೆ ಒಳಗೆ ಏನಾದ್ರೂ ಉಳಿಯುತ್ತಾ?"

"ಏನೂ ಉಳಿಯಲ್ಲ ಅಮ್ಮ."

"ತೊಳೆದ ಲೋಟದಲ್ಲಿ ವಾಸನೆ ಉಳಿಯೋ ಹಾಗೂ ಇಲ್ವಾ?"

"ಇಲ್ಲ ಅಮ್ಮ. ನಿಮಗೆ ಕೊಡೋದು ಆ ಥರದ್ದಲ್ಲ. ದಿನಾ ನಿಮ್ಮಂಥೋರನ್ನ ಎತ್ತಿ ಕೂರಿಸೋಳು ನಾನೇ. ಮನೇಲಿ ನನಗೂ ಒಂದು ಮಗು ಇದೆ. ನೇರ ಹೋಗಿ ಎತ್ಕೋತೀನಿ."

ಅತ್ತೆ ಬಗ್ಗಿ, ಗುಬ್ಬಿಯ ಕೈ ಹಿಡಿದು ತಮ್ಮ ಕಿವಿಗೆ ತಾಗಿಸಿಕೊಂಡರು. "ರಜೆ ಮುಗೀತು ಕಣೆ" ಎಂದರು. ಸೊಸೆಯ ಕಡೆ ತಿರುಗದೆ, "ಗುರುತು ಎಲ್ಲಿ ಹಾಕ್ತೀಯ, ಹಾಕು ನಡಿ" ಎಂದು ಹುಡುಗಿಯ ಹಿಂದೆ ಒಳಗೆ ಹೋದರು.

ಮುಂದಿನ ವಾರ ವಿಚಾರಣೆ ಕಿಟಕಿಯಲ್ಲಿ ಒಬ್ಬ ಗಡಿಬಿಡಿಯವ ಬಂದು, "ಹೋಯ್ತಾ?" ಎಂದ. ಮೈಕಕ್ಕ ಅವನ ಚಪ್ಪಲಿಯನ್ನು ನೋಡಲಿಲ್ಲ. "ಯಾವ ಬಸ್ಸು?" ಎಂದು ಕೇಳಿದಳು. ಅವನು ಹೇಳಿದ. "ಗೊತ್ತಿಲ್ಲ. ಕೇಳಿ ಹೇಳ್ತೀನಿ" ಎಂದಳು, ಮೈಕು ಹಾಕಿರುವುದು ಮರೆತು. ನಿಲ್ದಾಣದ ಉದ್ದಕ್ಕೂ ಆ ಮಾತು ಮೊಳಗಿತು. ಹಳೆಯ ಕಂಟ್ರೋಲರು ಚಹಾದ ಲೋಟ ಹಿಡಿದು ಎದ್ದು ನಿಂತರು. ಯಾರೂ ಬೈಯಲಿಲ್ಲ. ಬೈದದ್ದು ಕಂಟ್ರೋಲರು ಒಬ್ಬರೇ.

ಕಿರಣ ಶುರುವಾದ ದಿನ ಸಂಜೆ ಅತ್ತೆಯ ಕೋಣೆಯಲ್ಲಿ ದೊಡ್ಡ ಸಮಸ್ಯೆ. ಗುಬ್ಬಿ ಹುಟ್ಟಿದಾಗಿನಿಂದ ಎಡಗಡೆಯ ಹುಡುಗಿ. ಬಲಕ್ಕೆ ಮಲಗಿಸಿದರೆ ಗೋಡೆ ಮೂಗಿಗೆ ತಾಗುತ್ತದೆಂದು ತಕರಾರು. ಕೊನೆಗೆ ಗಂಡ ಮಂಚವನ್ನೇ ತಿರುಗಿಸಿದ, ದಿಂಬು ಕಾಲ ಕಡೆಗೆ ಬಂತು, ಅತ್ತೆ ಹೊಸ ದಿಕ್ಕಿಗೆ ತಲೆಯಿಟ್ಟರು. ಗುಬ್ಬಿ ಅವರ ಬಲಕ್ಕೆ ಹತ್ತಿ ಮಲಗಿ, ಅಪರಿಚಿತರನ್ನು ಮುಟ್ಟುವಂತೆ ಬಲಗಿವಿಯನ್ನು ಒಮ್ಮೆ ಮುಟ್ಟಿ ಕೈ ತೆಗೆದಳು. ಎದ್ದು ಕೂತು ಕೇಳಿದಳು.

"ಅಮ್ಮಾ, ಈ ಕಿವೀಲೂ ನಿದ್ದೆ ಬರುತ್ತಾ?"

ಅತ್ತೆ ದಿಂಬಿನ ಮೇಲಿಂದ ಒಂದೇ ಕಣ್ಣು ತೆರೆದು ಸೊಸೆಯನ್ನು ನೋಡಿದರು.

"ನನಗೆ ಗೊತ್ತಿಲ್ಲ ಕಣೆ" ಎಂದಳು ಮೈಕಕ್ಕ. "ನೀನೇ ಹಿಡಿದು ನೋಡಿ ಹೇಳು."

ಗುಬ್ಬಿ ಹಿಡಿದಳು. ಅಮ್ಮನೂ ಅಜ್ಜಿಯೂ ಉತ್ತರಕ್ಕೆ ಕಾದರು. ಬಂದದ್ದು ನಿದ್ದೆ. ಸ್ವಲ್ಪ ಹೊತ್ತಿಗೆ ಅತ್ತೆಯ ಗೊರಕೆಯೂ ಶುರುವಾಯಿತು.